ಬೆಳಿಗ್ಗೆ ಕಪಾಟಿನ ಎದುರು ಹತ್ತು ನಿಮಿಷ: ಬೇಕಾ, ಬೇಡ್ವಾ?

ದಿನಾ ಹಾಕುವ ಬಟ್ಟೆ ನಮಗೆ ಒಪ್ತದಾ, ಹಾಕಿದ್ರೆ ಮನಸ್ಸಿಗೆ ಕುಶಿ ಆಗ್ತದಾ ಅಂತ ನೋಡಿ ಆರಿಸ್ಬೇಕಾ, ಅಲ್ಲ ಒಗೆದು ಒಣಗಿದ್ದು ಯಾವುದು ಕೈಗೆ ಸಿಗ್ತದೋ ಅದನ್ನು ಹಾಕಿ ಹೊರಟ್ರೆ ಸಾಕಾ? ಪರ ಬರ್ದದ್ದು ಮಂಗಳೂರಿನ ಆಫೀಸೊಂದರಲ್ಲಿ ಕೆಲಸ ಮಾಡುವ ನಾದಿನಿ. ವಿರೋಧ ಬರ್ದದ್ದು ಬ್ರಹ್ಮಾವರದ ಹತ್ರ ಟೀಚರ್ ಆಗಿರುವ ಅತ್ತಿಗೆ.

ಪರ

ಹೋದ ಜೂನ್‌ನಲ್ಲಿ ನಾನೊಂದು ಲೆಕ್ಕ ಇಡ್ಲಿಕ್ಕೆ ಶುರು ಮಾಡಿದೆ. ಅಡುಗೆಮನೆಯಲ್ಲಿ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ಉಂಟಲ್ಲ, ಅದ್ರಲ್ಲಿ ಹಾಲಿನ ಲೆಕ್ಕದ ಕೆಳಗೆ ಆ ದಿನ ಯಾವ ಡ್ರೆಸ್ ಹಾಕಿದ್ದೆ ಅಂತ ಎರಡಕ್ಷರ, ಪಕ್ಕದಲ್ಲಿ ದಿನ ಒಳ್ಳೆದು ಹೋದ್ರೆ ಒಂದು ಟಿಕ್, ಕೆಟ್ಟದು ಹೋದ್ರೆ ಒಂದು ಇಂಟು. ಯಾಕಂದ್ರೆ ಪ್ರತಿ ಮಳೆಗಾಲ ನನಗೆ ಹೀಗೇ ಆಗುದು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ನಮ್ಮದು, ಅದ್ರಲ್ಲಿ ಹೆಚ್ಚಿನದ್ದೆಲ್ಲ ಈ ನಾಲ್ಕು ತಿಂಗಳಲ್ಲೇ ಬೀಳುದು, ಬೆಳಿಗ್ಗೆ ಏಳುವಾಗ್ಲೇ ಕತ್ತಲೆ, ಟೆರೇಸಿನಲ್ಲಿ ಹಾಕಿದ ಬಟ್ಟೆ ಮೂರು ದಿನ ಆದ್ರೂ ಒಣಗುದಿಲ್ಲ, ಅರ್ಧ ಒಣಗಿದ್ದನ್ನು ಇಸ್ತ್ರಿ ಹಾಕಿ ಉಟ್ಟರೆ ಬಸ್ಸಲ್ಲಿ ಆ ವಾಸನೆ ನಮ್ಗೇ ಬರ್ತದೆ. ಮನಸ್ಸು ಒಂದು ನಮೂನೆ ಕುಗ್ಗಿ ಹೋಗ್ತದೆ. ಆ ಹೊತ್ತಲ್ಲಿ ನಾನು ಮಾಡ್ತಿದ್ದದ್ದು ಏನಂದ್ರೆ ಕೆಸರು ಕಾಣುದಿಲ್ಲ, ಬೇಗ ಒಣಗ್ತದೆ ಅಂತ ಹೇಳಿ ಎರಡು ಕಪ್ಪು ಪಾಲಿಯೆಸ್ಟರ್ ಕುರ್ತಿ ಇಟ್ಕೊಂಡು ಅದನ್ನೇ ತಿರುಗಿಸಿ ತಿರುಗಿಸಿ ಹಾಕುದು.

ಮೂರು ತಿಂಗಳು ಕಳೆದು ಕ್ಯಾಲೆಂಡರ್ ಹಾಳೆಗಳನ್ನು ನೆಲದಲ್ಲಿ ಹರಡಿ ನೋಡಿದೆ. ಬಣ್ಣದ ಬಟ್ಟೆಗೆ ಟಿಕ್ ಇರ್ತದೆ, ಕಪ್ಪಿಗೆ ಇಂಟು ಇರ್ತದೆ ಅಂತ ಅಂದಾಜು ಮಾಡಿದ್ದೆ, ಆದ್ರೆ ಹಾಗೆ ಬರ್ಲಿಲ್ಲ. ಇಂಟು ಬಿದ್ದದ್ದೆಲ್ಲ ಎಳೆದು ಎಳೆದು ಸರಿ ಮಾಡ್ಬೇಕಾದ ಬಟ್ಟೆಗಳಿಗೆ. ಕಂಕುಳ ಹತ್ರ ಬಿಗಿ ಇರುವ ಗಿಳಿಹಸಿರು ಕುರ್ತಿ, ಬಣ್ಣ ಎಷ್ಟು ಚಂದ ಅಂದ್ರೆ ನೋಡಿದವ್ರೆಲ್ಲ ಲಾಯ್ಕ್ ಉಂಟು ಅಂತಾರೆ, ಅದನ್ನು ಎಂಟು ಸಲ ಹಾಕಿದ್ರಲ್ಲಿ ಆರು ಸಲ ಇಂಟು. ಬಸ್ಸಲ್ಲಿ ಮೇಲಿನ ಕಂಬಿ ಹಿಡಿಲಿಕ್ಕೆ ಕೈ ಎತ್ತಿದ್ರೆ ಇಡೀ ಡ್ರೆಸ್ಸೇ ಮೇಲೆ ಬರ್ತದೆ, ಒಂದು ಕೈಯಲ್ಲಿ ಅದನ್ನು ಕೆಳಗೆ ಎಳೆಯುದು, ಇನ್ನೊಂದು ಕೈಯಲ್ಲಿ ಬ್ಯಾಗು ಮತ್ತೆ ಕೊಡೆ, ಆಫೀಸಿಗೆ ಮುಟ್ಟುವಾಗ ಯಾರ ಹತ್ರವೂ ಮಾತಾಡುದು ಬೇಡ ಅನ್ನಿಸಿರ್ತದೆ. ಆ ಸಿಟ್ಟು ನನ್ನ ಸ್ವಭಾವ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ.

ಕಪ್ಪು ಪಾಲಿಯೆಸ್ಟರಿನದ್ದೂ ಅದೇ ಕತೆ. ಹತ್ತಿ ಬಟ್ಟೆ ತನ್ನ ತೂಕದ ಸುಮಾರು 8 ಪರ್ಸೆಂಟಿನಷ್ಟು ತೇವವನ್ನು ಗಾಳಿಯಿಂದ್ಲೇ ಹೀರಿ ಇಟ್ಕೊಳ್ತದೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ, ಹಾಗಾಗಿಯೇ ಅದು ಬೇಗ ಒಣಗುದು, ಆದ್ರೆ ನಮ್ಮ ಈ ಕಡಲ ಬದಿಯ ಸೆಕೆಗೆ ಬೆವರು ಮೈಯಲ್ಲೇ ನಿಂತು ಬೆನ್ನಿಗೆ ಬಟ್ಟೆ ಅಂಟಿ ಕೂತ್ಕೊಳ್ತದೆ. ಮೈಗೆ ಕಿರಿಕಿರಿ ಆದ್ರೆ ಮನಸ್ಸು ಸರಿ ಇರ್ಬೇಕು ಅಂದ್ರೆ ಹೇಗೆ?

ಅಲ್ಲಿಂದ ಮತ್ತೆ ನಾನು ಬಟ್ಟೆ ತೆಗೆಯುವ ಕ್ರಮವೇ ಬದಲಾಯ್ತು. ಮೊದಲು ಭುಜ ನೋಡುದು. ತೋಳಿನ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿ ಸರಿಯಾಗಿ ಕೂತಿದ್ರೆ ಉಳಿದದ್ದನ್ನೆಲ್ಲ ಟೈಲರ್ ಸರಿ ಮಾಡಿ ಕೊಡ್ತಾರೆ, ಬದಿ ಹಿಡಿಸ್ಬಹುದು, ಉದ್ದ ಕಡಿಮೆ ಮಾಡ್ಬಹುದು, ಭುಜ ಮಾತ್ರ ಬಿಚ್ಚಿ ಹೊಲಿಯುದು ದೊಡ್ಡ ರಗಳೆ, ಒಳ್ಳೆ ಟೈಲರುಗಳೂ ಬೇಡ ಅಂತಾರೆ. ಟ್ರಯಲ್ ರೂಮಿನಲ್ಲಿ ಸುಮ್ಮನೆ ನಿಂತು ಕನ್ನಡಿ ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ, ಬಸ್ಸಿನ ಕಂಬಿ ಹಿಡಿದ ಹಾಗೆ ಕೈ ಎತ್ತಿ ನೋಡ್ಬೇಕು, ಕೂತು ನೋಡ್ಬೇಕು, ಬಗ್ಗಿ ನೋಡ್ಬೇಕು. ಇನ್ನು ಬಣ್ಣ. ಹಂಪನಕಟ್ಟೆಯ ಅಂಗಡಿಗಳ ಒಳಗಿನ ಲೈಟಿಗೆ ಯಾವ ಬಣ್ಣವೂ ಹೊಳೀತದೆ, ಮನೆಗೆ ತಂದು ಬಿಚ್ಚಿದ್ರೆ ಅದು ಬೇರೆಯೇ ಬಣ್ಣ. ಹಾಗಾಗಿ ಸೇಲ್ಸಿನ ಹುಡುಗಿಗೆ ಹೇಳಿ ಬಾಗಿಲ ಹತ್ರ ಬೆಳಕಿಗೆ ತಂದು, ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿದು, ನೋಡುದು ಬಟ್ಟೆಯನ್ನಲ್ಲ, ನಮ್ಮ ಮುಖವನ್ನು. ನನಗೆ ತಿಳಿ ಗುಲಾಬಿ ಹಿಡಿದ್ರೆ ಜ್ವರ ಬಂದು ಎದ್ದವಳ ಹಾಗೆ ಕಾಣ್ತದೆ, ಅರಿಶಿನ ಹಿಡಿದ್ರೆ ಒಳ್ಳೆ ನಿದ್ದೆ ಮಾಡಿ ಎದ್ದವಳ ಹಾಗೆ. ಯಾಕೆ ಅಂತ ನನಗೂ ವಿವರಿಸ್ಲಿಕ್ಕೆ ಬರುದಿಲ್ಲ, ಕಣ್ಣಿಗೆ ಮಾತ್ರ ಸ್ಪಷ್ಟ ಕಾಣ್ತದೆ.

ಅಮ್ಮನ ಒಂದು ಉಡುಪಿ ಸೀರೆ ನನ್ನ ಹತ್ರ ಉಂಟು, ಅರಿಶಿನ ಬಣ್ಣದ ಮೈಯಲ್ಲಿ ಸಣ್ಣ ಚೌಕುಳಿ, ಕುಂಕುಮದ ಅಂಚು. ಕೈಮಗ್ಗದ್ದು, ಹಗುರ ಅಂದ್ರೆ ಹಗುರ, ಎಷ್ಟು ಒಗೆದಿದ್ದಾರೋ ಏನೋ, ಈಗ ಅದನ್ನು ಮುಟ್ಟಿದ್ರೆ ಮಗುವಿನ ಹಳೇ ಬಟ್ಟೆಯ ಹಾಗೆ ಮೆತ್ತಗೆ. ಉಡುಪಿ ಸೀರೆಗೆ 2016ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ವಿಶೇಷ ಅನ್ನುವ ಸರ್ಕಾರದ ಗುರುತು, ಸಿಕ್ಕಿತು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿಯಲ್ಲಿ ಈಗ್ಲೂ ನೇಯ್ತಾರೆ, ಮಗ್ಗದಲ್ಲಿ ಕೂರುವವರು ತುಂಬ ಕಡಿಮೆ ಆಗಿದ್ದಾರೆ ಅಂತ ಕೇಳುವಾಗ ನನಗೆ ನಿಜವಾಗಿ ಸಂಕಟ ಆಗ್ತದೆ. ಆಗಸ್ಟಿನಲ್ಲಿ ಆಡಿಟ್ ಇದ್ದ ದಿನ ಆ ಸೀರೆ ಉಟ್ಟು ಹೋದೆ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ, ಎದುರು ಫೈಲಿನ ರಾಶಿ. ಮಧ್ಯಾಹ್ನ ಊಟದ ಹೊತ್ತಿಗೆ ಕೈ ತೊಳೀತಾ ಕನ್ನಡಿಯಲ್ಲಿ ನನ್ನನ್ನು ನೋಡಿದೆ, ಅಮ್ಮನ ಹಾಗೆಯೇ ಕಂಡೆ, ಯಾಕೋ ಧೈರ್ಯ ಬಂತು. ಆ ದಿನಕ್ಕೆ ಕ್ಯಾಲೆಂಡರಲ್ಲಿ ಎರಡು ಟಿಕ್ ಉಂಟು.

ಇದೆಲ್ಲ ಮನಸ್ಸಿನ ಭ್ರಮೆ ಅಂತ ಅತ್ತಿಗೆ ಹೇಳ್ತಾರೆ. ಆದ್ರೆ 2012ರಲ್ಲಿ ಅಮೆರಿಕದಲ್ಲಿ ಹಾಯೋ ಆಡಮ್ ಮತ್ತೆ ಆಡಮ್ ಗಲಿನ್‌ಸ್ಕಿ ಅನ್ನುವ ಇಬ್ರು ಸಂಶೋಧಕರು ಒಂದು ಪ್ರಯೋಗ ಮಾಡಿದ್ದಾರೆ. ಒಂದೇ ಬಿಳಿ ಕೋಟು, ಕೆಲವರಿಗೆ ಇದು ಡಾಕ್ಟರ ಕೋಟು ಅಂತ ಹೇಳಿ ಹಾಕಿಸಿದ್ರು, ಕೆಲವರಿಗೆ ಪೇಂಟರ ಕೋಟು ಅಂತ. ಡಾಕ್ಟರ ಕೋಟು ಅಂದ್ಕೊಂಡು ಹಾಕಿದವರು ಗಮನದ ಪರೀಕ್ಷೆಯಲ್ಲಿ ಮುಂದೆ ಬಂದ್ರು. ಕೋಟು ಒಂದೇ, ಅದ್ರ ಅರ್ಥ ಮಾತ್ರ ಬೇರೆ. ಯಕ್ಷಗಾನದ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಕೂತು ನೋಡಿದವ್ರಿಗೆ ಇದು ಹೊಸ ವಿಷಯವೇ ಅಲ್ಲ. ಸಂಜೆ ಬೆಂಚಲ್ಲಿ ಚಾ ಕುಡೀತಾ ಕೂತಿದ್ದ ಜನ, ಬಣ್ಣ ಹಚ್ಚಿ ಕಸೆ ಕಟ್ಟಿ ಕಿರೀಟ ಇಟ್ಟ ಮೇಲೆ ಎದ್ದು ನಿಲ್ಲುವ ರೀತಿಯೇ ಬೇರೆ, ರಂಗಸ್ಥಳಕ್ಕೆ ಹೋಗುವ ಮೊದ್ಲೇ ಸ್ವರ ಬದಲಾಗಿರ್ತದೆ.

ಉಡುಪಿ ಕೃಷ್ಣನಿಗೇ ನವರಾತ್ರಿಯಲ್ಲಿ ದಿನಕ್ಕೊಂದು ಅಲಂಕಾರ ಮಾಡ್ತಾರೆ. ಮಲ್ಪೆಯಲ್ಲಿ ಬೆಳಗಿನ ಜಾವ ಮೀನಿನ ಬುಟ್ಟಿ ಹೊರುವ ಹೆಂಗಸರ ತಲೆಯಲ್ಲಿ ಮಲ್ಲಿಗೆ ನೋಡಿದ್ದೇನೆ, ಆ ಹೊತ್ತಲ್ಲಿ, ಆ ಕೆಲಸಕ್ಕೆ. ಅದು ಯಾರಿಗೂ ತೋರಿಸ್ಲಿಕ್ಕೆ ಅಲ್ಲ, ಅವ್ರಿಗೇ ಬೇಕು ಅಂತ ಮುಡಿದದ್ದು. ನಾನು ಕೇಳುವ ಹತ್ತು ನಿಮಿಷವೂ ಅಷ್ಟೇ.

ವಿರೋಧ

ನಾದಿನಿಯ ಕ್ಯಾಲೆಂಡರ್ ನಾನೂ ನೋಡಿದ್ದೇನೆ. ಅವಳು ಪ್ರಾಮಾಣಿಕವಾಗಿ ಬರ್ದಿದ್ದಾಳೆ, ಮತ್ತೆ ಅವಳ ಲೆಕ್ಕ ನನ್ನ ಮಾತನ್ನೇ ಹೇಳ್ತದೆ. ಇಂಟು ಬಿದ್ದದ್ದು ಬಿಗಿ ಬಟ್ಟೆಗೆ, ಅಂಟುವ ಬಟ್ಟೆಗೆ. ಅಂದ್ರೆ ಬೇಕಾದದ್ದು ಅಳತೆ ಸರಿ ಇರುವ ನಾಲ್ಕೈದು ಹತ್ತಿ ಬಟ್ಟೆ. ಅದನ್ನು ತೆಗೆಯುವ ದಿನ ಒಂದು ಸಲ ಯೋಚನೆ ಮಾಡಿದ್ರೆ ಮುಗೀತು, ದಿನಾ ಬೆಳಿಗ್ಗೆ ಕಪಾಟು ತೆಗೆದು ಇವತ್ತು ನನ್ನ ಮನಸ್ಸು ಹೇಗುಂಟು, ಅದಕ್ಕೆ ಯಾವುದು ಹಾಕ್ಲಿ ಅಂತ ಕೇಳ್ಕೊಳ್ಳುದು ಯಾಕೆ? ನನ್ನ ಹತ್ರ ಶಾಲೆಗೆ ಆರು ಕಾಟನ್ ಸೀರೆ ಉಂಟು, ದಿನಕ್ಕೊಂದೊಂದು. ಸೋಮವಾರ ಬೂದು, ಮಂಗಳವಾರ ಕಂದು, ಹಾಗೆ. ಮಕ್ಕಳಿಗೂ ಗೊತ್ತುಂಟು, ಟೀಚರ್ ಬೂದು ಸೀರೆ ಉಟ್ಟಿದ್ದಾರೆ ಅಂದ್ರೆ ಇವತ್ತು ಸೋಮವಾರ. ಬೆಳಿಗ್ಗೆ ಐದೂವರೆಗೆ ಎದ್ದು ಎರಡು ಮಕ್ಕಳ ಬುತ್ತಿ ಕಟ್ಟಿ ಏಳೂಮುಕ್ಕಾಲಿನ ಬಸ್ಸು ಹಿಡಿಯುವವಳಿಗೆ ಆ ಹತ್ತು ನಿಮಿಷ ಎಷ್ಟು ದೊಡ್ಡದು ಅಂತ ಮನೆಯಲ್ಲಿರುವ ಎಲ್ಲರಿಗೂ ಗೊತ್ತು.

ಬಿಳಿ ಕೋಟಿನ ಪ್ರಯೋಗದ ವಿಷಯ ಬಂತಲ್ಲ, ಕೋಟು ಹಾಕಿದವರನ್ನು ಹಾಕದವರ ಜೊತೆ ಹೋಲಿಸಿದ ಅದ್ರ ಮೊದಲ ಭಾಗವನ್ನು 2019ರಲ್ಲಿ ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದ್ರು, ಆ ಫಲಿತಾಂಶ ಬರ್ಲಿಲ್ಲ. ಅದನ್ನೂ ಹೇಳ್ಬೇಕು.

ಮಳೆಗಾಲದಲ್ಲಿ ಮನಸ್ಸು ಕುಗ್ಗುದನ್ನು ನಾನು ಹಗುರ ಮಾಡುದಿಲ್ಲ. ಒಂದು ದಿನದ ಬೇಜಾರಿಗೆ ಅರಿಶಿನ ಸೀರೆ ಸಾಕಾಗ್ಬಹುದು. ಆದ್ರೆ ಎರಡು ವಾರ ಆದ್ರೂ ಯಾವುದೂ ಬೇಡ, ಊಟ ಬೇಡ, ನಿದ್ದೆ ಇಲ್ಲ ಅಂತಾದ್ರೆ ಅದಕ್ಕೆ ಬಟ್ಟೆ ಹುಡುಕುದಲ್ಲ, ಡಾಕ್ಟರ ಹತ್ರ ಹೋಗ್ಬೇಕು, ಮನಸ್ಸಿನ ಕಷ್ಟಕ್ಕೆ ಅಂತ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸದ 14416 ನಂಬರಿಗಾದ್ರೂ ಫೋನ್ ಮಾಡ್ಬೇಕು, ದುಡ್ಡು ಕೊಡ್ಲಿಕ್ಕಿಲ್ಲ. ಒಳ್ಳೆ ಬಟ್ಟೆ ಹಾಕು ಎಲ್ಲ ಸರಿ ಆಗ್ತದೆ ಅಂತ ಬುದ್ಧಿ ಹೇಳಿ ಹೇಳಿ ನಾವು ಎಷ್ಟೋ ಜನರ ಕಷ್ಟವನ್ನು ಕೇಳದೆ ಬಿಟ್ಟಿದ್ದೇವೆ.

ಇನ್ನು ಕುಶಿಗೆ ಅಂತ ತೆಗೆದ ಬಟ್ಟೆಯ ಕುಶಿ ಎಷ್ಟು ದಿನ ಇರ್ತದೆ? ಪಾರ್ಸೆಲ್ ಬಿಚ್ಚುವ ತನಕ, ಹೆಚ್ಚಂದ್ರೆ ಎರಡು ಸಲ ಒಗೆಯುವ ತನಕ. ಮತ್ತೆ ಇನ್ನೊಂದು ಬೇಕು. ಒಂದು ಹತ್ತಿ ಟೀಶರ್ಟ್ ತಯಾರಾಗ್ಲಿಕ್ಕೆ ಸುಮಾರು 2,700 ಲೀಟರ್ ನೀರು ಬೇಕು ಅಂತ ಲೆಕ್ಕ ಹಾಕ್ತಾರೆ. ಮಳೆಗಾಲದಲ್ಲಿ ಮುಳುಗುವ ನಮ್ಮೂರಲ್ಲೇ ಏಪ್ರಿಲ್ ಬಂದ್ರೆ ಬಾವಿಯ ತಳ ಕಾಣ್ತದೆ, ಹಾಗಾಗಿ ನನಗೆ ಆ ಲೆಕ್ಕ ಬರೀ ಸಂಖ್ಯೆ ಅಲ್ಲ.

ನವರಾತ್ರಿಗೆ ಒಂಬತ್ತು ದಿನ ಒಂಬತ್ತು ಬಣ್ಣ ಉಡುವ ಕ್ರಮ ನಮ್ಮ ಕಡೆಯದ್ದಲ್ಲ, ನಾನು ಸಣ್ಣವಳಿರುವಾಗ ಇದನ್ನು ಕೇಳಿಯೇ ಗೊತ್ತಿಲ್ಲ. ಈಗ ವಾಟ್ಸಾಪಿನಲ್ಲಿ ಪಟ್ಟಿ ಬರ್ತದೆ, ಸ್ಟಾಫ್ ರೂಮಿನಲ್ಲಿ ಫೋಟೋ ಆಗ್ತದೆ. ಒಂದು ವರ್ಷ ಪೀಕಾಕ್ ಗ್ರೀನ್ ದಿನ ನಮ್ಮ ಗೌರವ ಶಿಕ್ಷಕಿ ಒಬ್ಬರು ಫೋಟೋ ತೆಗೆಯುವಾಗ ಚಾಕ್‌ಪೀಸ್ ತರ್ತೇನೆ ಅಂತ ಎದ್ದು ಹೋದ್ರು. ಅವರ ಸಂಬಳ ಎಷ್ಟು ಅಂತ ನಮಗೆಲ್ಲ ಗೊತ್ತು, ಅದೂ ತಿಂಗಳು ತಿಂಗಳು ಸರಿಯಾಗಿ ಬರುದಿಲ್ಲ. ಮರುದಿನ ಅವರು ಸಾಲ ಮಾಡಿ ಒಂದು ಸೀರೆ ತೆಗೆದ್ರು ಅಂತ ಆಮೇಲೆ ಗೊತ್ತಾಯ್ತು. ಅದು ಕುಶಿಗೆ ತೆಗೆದ ಬಟ್ಟೆಯಾ?

ನನಗೆ ಈ ವಿಷಯ ಇಷ್ಟು ತಾಗುದು ಒಂದು ಹುಡುಗಿಯಿಂದ. ಆರನೇ ಕ್ಲಾಸು. ಹೋದ ವರ್ಷ ಮಕ್ಕಳ ದಿನಾಚರಣೆಗೆ ಕಲರ್ ಡ್ರೆಸ್ ಅಂತ ಹೇಳಿದ್ದೆವು, ಮಕ್ಕಳಿಗೆ ಒಂದು ದಿನ ಆದ್ರೂ ಇಷ್ಟದ ಬಟ್ಟೆ ಹಾಕುವ ಕುಶಿ ಇರ್ಲಿ ಅಂತ. ಅವಳು ಬರ್ಲಿಲ್ಲ. ಮರುದಿನ ಹೊಟ್ಟೆನೋವು ಅಂತ ರಜೆಯ ಚೀಟಿ ತಂದ್ಳು, ಅಕ್ಷರ ಅವಳದ್ದೇ. ನಾನು ಬೈಲಿಕ್ಕೆ ಹತ್ತಿರ ಕರೆದೆ. ಹತ್ತಿರ ಬಂದಾಗ ಕಂಡದ್ದು ಅವಳ ಲಂಗ. ನೀಲಿ ಲಂಗದ ಕೆಳಗಿನ ಮಡಿಕೆಯನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದ್ದಾರೆ, ಹಳೇ ಮಡಿಕೆ ಇದ್ದಲ್ಲಿ ಎರಡು ಗೆರೆ, ಆ ಗೆರೆಯ ಕೆಳಗಿನ ಬಟ್ಟೆ ಮಾತ್ರ ಹೊಸದರ ಹಾಗೆ ಗಾಢ ನೀಲಿ, ಮೇಲಿನದ್ದು ಒಗೆದು ಒಗೆದು ಬೂದು. ಇಸ್ತ್ರಿ ಮಾತ್ರ ನೆರಿಗೆ ನೆರಿಗೆಗೂ ಚಂದ ಹಾಕಿತ್ತು. ಆ ಲಂಗ ಹಾಕಿ ಅವಳು ಎಷ್ಟು ಧೈರ್ಯದಲ್ಲಿ ಮುಂದಿನ ಬೆಂಚಲ್ಲಿ ಕೂರ್ತಾಳೆ, ಲೆಕ್ಕಕ್ಕೆ ಮೊದಲು ಕೈ ಎತ್ತುವವಳು ಅವಳೇ. ಎಲ್ಲರ ಮೈಯಲ್ಲಿ ಒಂದೇ ಬಣ್ಣ ಇರುವಾಗ ಅವಳಿಗೆ ಸಿಗುವ ಸಮಾಧಾನವನ್ನು ನಾವು ಒಂದು ದಿನದ ಕುಶಿಗೆ ಅಂತ ಕಿತ್ತುಕೊಂಡಿದ್ದೆವು.

ಯೂನಿಫಾರ್ಮ್ ಅಂದ್ರೆ ಮನಸ್ಸನ್ನು ಕಟ್ಟಿ ಹಾಕುದು ಅಂತ ನಾದಿನಿ ಮನೆಯಲ್ಲಿ ಹೇಳ್ತಾ ಇರ್ತಾಳೆ. ಯೂನಿಫಾರ್ಮಿನ ಖಾಕಿ ಬಣ್ಣವನ್ನೇ ನೋಡಿ, ಅದನ್ನು ಬಳಕೆಗೆ ತಂದದ್ದು 1850ರ ಆಸುಪಾಸಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಅಂತ ನಮ್ಮಲ್ಲಿ ಹೇಳ್ತಾರೆ. ಅವಳು ದಿನಾ ಹೋಗುವ ಸಿಟಿ ಬಸ್ಸಿನ ಕಂಡಕ್ಟರ್ ಆ ಬಣ್ಣದ ಅಂಗಿ ಹಾಕಿಯೇ ಬಾಗಿಲಲ್ಲಿ ನಿಂತು ತಮಾಷೆ ಮಾಡ್ತಾ ಇಡೀ ಬಸ್ಸನ್ನು ನಗಿಸ್ತಾನೆ, ಅದನ್ನು ಅವಳೇ ಎಷ್ಟೋ ಸಲ ಮನೆಗೆ ಬಂದು ಹೇಳಿದ್ದಾಳೆ. ಮತ್ತೆ ಕೃಷ್ಣನ ಅಲಂಕಾರದ ಮಾತು. ಅದೇ ಮಠದ ಒಳಗೆ ಹೋಗುವಾಗ ಗಂಡಸರು ಅಂಗಿ ತೆಗೆದು ಹೋಗುದು, ರೇಷ್ಮೆ ಅಂಗಿ ಹಾಕಿ ಬಂದವನೂ ಬನಿಯನ್ ಹರಿದವನೂ ದರ್ಶನಕ್ಕೆ ನಿಲ್ಲುವಾಗ ಒಂದೇ. ನನಗೆ ಆ ಸಾಲು ನೋಡುವಾಗ ಕಣ್ಣು ತುಂಬಿ ಬರ್ತದೆ.

ಅಮ್ಮನ ಸೀರೆ ಅವಳು ಉಡ್ಲಿ, ಅದರಲ್ಲಿ ನನಗೆ ಒಂಚೂರೂ ತಕರಾರಿಲ್ಲ. ಅದು ಆರಿಸಿ ತೆಗೆದದ್ದಲ್ಲ, ಕೈಯಿಂದ ಕೈಗೆ ಬಂದದ್ದು. ಅತ್ತೆ ಅದನ್ನು ಉಟ್ಟು ಗದ್ದೆಗೆ ಇಳಿದದ್ದನ್ನೂ ನಾನು ನೋಡಿದ್ದೇನೆ.

ಈ ಸಲ ನವೆಂಬರ್ 14ಕ್ಕೆ ಕಲರ್ ಡ್ರೆಸ್ ಬೇಡ ಅಂತ ಸ್ಟಾಫ್ ಮೀಟಿಂಗಿನಲ್ಲಿ ಹೇಳುವವಳಿದ್ದೇನೆ. ಕೆಲವರು ಒಪ್ಲಿಕ್ಕಿಲ್ಲ, ಮಕ್ಕಳ ಕುಶಿ ಯಾಕೆ ತೆಗೀತೀರಿ ಟೀಚರೇ ಅಂತ ಕೇಳ್ತಾರೆ. ಆಗ ಹೋದ ವರ್ಷದ ಹಾಜರಿ ಪುಸ್ತಕ ತೆಗೆದು ಆ ದಿನದ ಸಾಲು ತೋರಿಸ್ತೇನೆ. ಆರನೇ ಕ್ಲಾಸಿನಲ್ಲೇ ಐದು ಮಕ್ಕಳು ಬಂದಿರ್ಲಿಲ್ಲ, ಹಿಂದಿನ ದಿನ ಐವರೂ ಇದ್ದರು, ಮರುದಿನವೂ ಐವರೂ ಇದ್ದರು.