ಹಾರ್ಮೋನಿಯಂ ಸ್ವರಕ್ಕೆ ಒಂದೇ ಸೈನ್ ಸಾಕಾಗಲ್ಲ

ಕಲಬುರಗಿಯ ಪಿಯು ಹುಡುಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಯಾವ ವಾದ್ಯದ ಸ್ವರ ರೆಕಾರ್ಡ್ ಮಾಡಿದರೂ ಅದು ಒಂದೇ ಸೈನ್ ಅಲೆ. ಸ ಅಂದರೆ 440 ಹರ್ಟ್ಸ್. ಹಾಕಿದರೆ ಸಮೀಕರಣ ರೆಡಿ.' ಸೈನ್ ಅಲೆ ಅಂದರೆ ಒಂದೇ ಲಯದಲ್ಲಿ ನುಣುಪಾಗಿ ಏರಿಳಿಯುವ ಅಲೆ; ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಇದನ್ನೇ ನಂಬಿ ಪ್ರಾಜೆಕ್ಟ್ ಬರೆದ ಇಬ್ಬರು, ಶರಣಬಸವೇಶ್ವರ ಗುಡಿ ಹತ್ತಿರದ ನಮ್ಮ ಮನೆಗೂ ಬಂದಿದ್ದರು. ಗ್ರಾಫ್ ಯಾಕೋ ಕೂಡುತ್ತಿಲ್ಲ ಸರ್, ಅಂತ. ಹೇಗೆ ಕೂಡೀತು?

ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಬಡಿದರೆ ಬರುವ ನಾದಕ್ಕೆ ಒಂದು ಸೈನ್ ಹೆಚ್ಚುಕಡಿಮೆ ಸಾಕು. ಭಜನೆಯ ಹಾರ್ಮೋನಿಯಂ ಹಾಗಲ್ಲ. ಅದರಲ್ಲಿ 220 ಹರ್ಟ್ಸ್ ಸ್ವರ ಹಿಡಿದರೆ ಒಳಗೆ 440, 660, 880 ಹೀಗೆ ಅದರ ಗುಣಕಗಳೂ ಇರುತ್ತವೆ. ಒಂದೊಂದರ ಬಲವೂ ಬೇರೆ. ಕಣ್ಣು ಮುಚ್ಚಿದರೂ ಕೊಳಲು ಯಾವುದು, ಹಾರ್ಮೋನಿಯಂ ಯಾವುದು ಅಂತ ಗೊತ್ತಾಗುತ್ತದೆ ಅಲ್ವಾ? ಅದಕ್ಕೆ ಈ ಬೆರಕೆಯೇ ದೊಡ್ಡ ಕಾರಣ. ಹಾಗಾಗಿ ಹಲವು ಸೈನ್‌ಗಳನ್ನು ಕೂಡಿಸಬೇಕು. ಫ್ರಾನ್ಸಿನ ಗಣಿತಜ್ಞ ಫೂರಿಯೆ 1822ರಲ್ಲಿ ಪ್ರಕಟಿಸಿದ ಉಪಾಯ ಇದು. ಮಜಾ ಅಂದರೆ, ಅವರು ಲೆಕ್ಕ ಹಾಕುತ್ತಿದ್ದದ್ದು ಶಾಖ ಹರಿಯುವುದನ್ನು, ಸಂಗೀತವನ್ನಲ್ಲ.

ಮೀಟಿದ ತಂತಿಯ ದನಿ ಬರಬರುತ್ತ ಕುಗ್ಗುತ್ತದೆ. ಸುಮ್ನೆ ಸೈನ್ ಬರೆದರೆ ಅದು ಕುಗ್ಗುವುದಿಲ್ಲ. ಹೊತ್ತಿನೊಂದಿಗೆ ಇಳಿಯುವ ಇನ್ನೊಂದು ಪದದಿಂದ ಗುಣಿಸಲೇಬೇಕು.

ಇನ್ನು 440ರ ಮಾತು. ಅದು ಪಾಶ್ಚಾತ್ಯ ಸಂಗೀತದ ಎ ಸ್ವರಕ್ಕೆ ಗೊತ್ತುಮಾಡಿದ ಅಳತೆ. ನಮ್ಮ ಸ ಹಾಡುವವರ ಕಂಠ ನೋಡಿಕೊಂಡು ನಿಲ್ಲುತ್ತದೆ.

ರೆಕಾರ್ಡಿಂಗ್ ಇಟ್ಟುಕೊಂಡವರು ಅದನ್ನು 20 ಮಿಲಿಸೆಕೆಂಡ್ ಮಾತ್ರ ಕಾಣುವಷ್ಟು ಹಿಗ್ಗಿಸಿ ನೋಡಿ. 220 ಹರ್ಟ್ಸ್ ಸ್ವರದ ನಾಲ್ಕು ಸುತ್ತು ಸಿಗುತ್ತವೆ, ಪ್ರತಿ ಸುತ್ತಿನಲ್ಲೂ ಅದೇ ಅಂಕುಡೊಂಕು.