ಕಣ್ಣಿಲ್ಲದ ಜಿಂಕೆ

ನಾನು ಹಾಸ್ಯಗಾರನೆಂದು ಹೆಸರು ಪಡೆದದ್ದು ಇಂಗ್ಲೆಂಡಿನಲ್ಲಿ, ಅದೂ ನನಗೇ ಗೊತ್ತಿಲ್ಲದಂತೆ.

ರೆಡಿಂಗ್ ಪಟ್ಟಣದ ಒಂದು ಕಚೇರಿಗೆ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ಸೇರಿದ್ದೆವು. ಅಲ್ಲಿ ಒಬ್ಬೊಬ್ಬರ ತಟ್ಟೆಯ ಪಕ್ಕದಲ್ಲೂ ಬಣ್ಣದ ಕಾಗದ ಸುತ್ತಿದ ಒಂದು ಕೊಳವೆ ಇಟ್ಟಿರುತ್ತಾರೆ. ಕ್ರ್ಯಾಕರ್ ಎಂದು ಅದರ ಹೆಸರು. ಇಬ್ಬರು ಎರಡು ತುದಿ ಹಿಡಿದು ಎಳೆದರೆ ನಮ್ಮ ಕುದುರೆ ಪಟಾಕಿಯ ಒಂದು ಎಸಳಿನಷ್ಟು ಸದ್ದು ಮಾಡಿ ಹರಿಯುತ್ತದೆ. ಒಳಗಿನಿಂದ ಒಂದು ಕಾಗದದ ಕಿರೀಟ, ಕೆಲಸಕ್ಕೆ ಬಾರದ ಒಂದು ಆಟಿಕೆ, ಜೋಕು ಅಚ್ಚಾದ ಒಂದು ಚೀಟಿ ಉದುರುತ್ತವೆ. ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿ 1840ರ ದಶಕದಲ್ಲಿ ಹುಟ್ಟುಹಾಕಿದ ವಸ್ತು ಇದು. ಒಳಗಿನ ಜೋಕು ಹಳಸಲಾಗಿರಬೇಕು ಎಂಬುದು ಅಲಿಖಿತ ನಿಯಮ. ಅಪ್ಪಿತಪ್ಪಿ ಒಳ್ಳೆಯ ಜೋಕು ಬಂದರೆ ಊಟಕ್ಕೆ ಕುಳಿತವರಿಗೆಲ್ಲ ನಿರಾಸೆ.

ಎದುರಿಗೆ ಕುಳಿತಿದ್ದ ಸಹೋದ್ಯೋಗಿ ಹಸಿರು ಕಿರೀಟ ಸರಿಪಡಿಸಿಕೊಂಡು, ಚೀಟಿ ನೋಡಿ, ನನ್ನತ್ತ ತಿರುಗಿ ಕೇಳಿದರು: "ಕಣ್ಣಿಲ್ಲದ ಜಿಂಕೆಗೆ ಏನೆನ್ನುತ್ತಾರೆ?"

ನನಗೆ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ನೋ ಐಡಿಯಾ."

ಮೇಜಿನ ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ನನ್ನ ಅಜ್ಞಾನಕ್ಕೆ ನಗುತ್ತಿದ್ದಾರೆ ಎಂದುಕೊಂಡು ಕಿವಿ ಬಿಸಿಯಾಯಿತು. ಅವರು ಬಿಡಲಿಲ್ಲ. "ಸರಿ, ಕಣ್ಣೂ ಇಲ್ಲದ, ಕಾಲೂ ಇಲ್ಲದ ಜಿಂಕೆಗೆ?" ಎಂದರು. ನಾನು ತುಸು ಸಿಟ್ಟಿನಲ್ಲೇ "ಸ್ಟಿಲ್ ನೋ ಐಡಿಯಾ" ಎಂದೆ. ಈ ಸಲ ಇಬ್ಬರು ಎದ್ದು ಬಂದು ಬೆನ್ನು ತಟ್ಟಿದರು. ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ ಜೋಕು ಹೊಡೆಯುವ ಈ ಭಾರತೀಯ ಸಾಮಾನ್ಯನಲ್ಲ ಎಂಬ ಸುದ್ದಿ ಮೂರನೆಯ ಮಹಡಿಯವರೆಗೂ ಹೋಯಿತು.

ಏನು ಹೊಡೆದೆ ಎಂದು ಹೊಡೆದವನಿಗೆ ತಿಳಿದದ್ದು ನಾಲ್ಕು ದಿನದ ಮೇಲೆ, ರೈಲಿನಲ್ಲಿ. ಅವರ ಬಾಯಲ್ಲಿ ಡಿಯರ್ ಎಂಬ ಜಿಂಕೆ ಬರಿಯ 'ಡಿಯ'. ಐ ಎಂದರೆ ಕಣ್ಣು. ಕಣ್ಣಿಲ್ಲದ ಜಿಂಕೆ 'ನೋ ಐ ಡಿಯ'. ಗೊತ್ತಿಲ್ಲ ಎನ್ನುವುದಕ್ಕೂ 'ನೋ ಐಡಿಯ'. ಸ್ಟಿಲ್ ಎಂದರೆ 'ಇನ್ನೂ' ಎಂತಲೂ ಆಯಿತು, 'ಅಲುಗಾಡದೆ ಬಿದ್ದಿರುವ' ಎಂತಲೂ ಆಯಿತು. ಪಂಡಿತರು ಕುಳಿತು ಹೊಸೆಯುವ ಶ್ಲೇಷೆಯನ್ನು ನಾನು ಎರಡು ನಿಮಿಷದಲ್ಲಿ ಎರಡು ಸಲ ಹೊಡೆದಿದ್ದೆ. ರೈಲಿನಲ್ಲಿ ಒಬ್ಬನೇ ನಕ್ಕೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ತಪ್ಪು ನನ್ನದಲ್ಲ, ನಮ್ಮ ಮೇಷ್ಟ್ರದ್ದು. ಬರೆದದ್ದನ್ನೆಲ್ಲ ಓದಬೇಕು ಎಂದು ಕಲಿಸಿದವರು ಅವರು. ನಮ್ಮ ಶಾಲೆಯಲ್ಲಿ ಅರ್ಕಾವೊತ್ತು ನುಂಗಿ ಸೂರ್ಯನನ್ನು 'ಸೂಯ' ಎಂದವನು ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಇಂಗ್ಲೆಂಡಿನ ದಕ್ಷಿಣದಲ್ಲಿ ನೋಡಿದರೆ ಇಡೀ ದೇಶವೇ ಬೆಂಚಿನ ಮೇಲೆ ನಿಲ್ಲುವಂತೆ ಮಾತನಾಡುತ್ತದೆ. ಸ್ವರದ ನಂತರದ ರಕಾರ ಲಂಡನ್ ಸುತ್ತಮುತ್ತ 18ನೆಯ ಶತಮಾನದ ಕೊನೆಯ ಹೊತ್ತಿಗೆ ಸವೆದು ಮಾಯವಾಯಿತು. ಅಷ್ಟರಲ್ಲಿ ಹಡಗು ಹತ್ತಿ ಅಮೆರಿಕ ಸೇರಿದ್ದವರಲ್ಲಿ ಬಹುಪಾಲು ಜನ ಅದನ್ನು ಅಜ್ಜಿಯ ಒಡವೆಯಂತೆ ಜೋಪಾನವಾಗಿ ಇಟ್ಟುಕೊಂಡರು. ಬಾಸ್ಟನ್ ಕಡೆಯವರು ಕಳೆದುಕೊಂಡರು, ಸ್ಕಾಟ್ಲೆಂಡಿನವರು ಬ್ರಿಟನ್ನಿನಲ್ಲೇ ಇದ್ದೂ ಉಳಿಸಿಕೊಂಡರು. ಆ ಜಗಳ ಬೇರೆ.

ಈ ರಕಾರ ನುಂಗುವ ಚಟದ ಮೇಲೆ ಅವರ ಅರ್ಧ ಹಾಸ್ಯ ನಿಂತಿದೆ. 1865ರಲ್ಲಿ ಬಂದ ಆಲಿಸ್‌ಳ ಕತೆಯಲ್ಲಿ ಒಂದು ಆಮೆ ತನ್ನ ಮೇಷ್ಟ್ರನ್ನು ನೆನೆಯುತ್ತದೆ. ಅವರನ್ನು 'ಟಾರ್ಟಾಯ್ಸ್' ಎಂದು ಏಕೆ ಕರೆಯುತ್ತಿದ್ದಿರಿ ಎಂದರೆ, 'ನಮಗೆ ಪಾಠ ಹೇಳಿದರು, ಅದಕ್ಕೆ' ಎನ್ನುತ್ತದೆ. ಶಾಲೆಯಲ್ಲಿ ಇದನ್ನು ಓದಿದಾಗ ಆಮೆಗೆ ಬುದ್ಧಿಯಿಲ್ಲ ಎಂದುಕೊಂಡಿದ್ದೆ. ಇಂಗ್ಲಿಷರ ಬಾಯಲ್ಲಿ ಆಮೆಯೂ 'ಟೋಟಸ್', ನಮಗೆ ಪಾಠ ಹೇಳಿದರು ಎನ್ನುವ 'ಟಾಟ್ ಅಸ್' ಕೂಡ 'ಟೋಟಸ್'. ಮಗಳಿಗೆ ಓದಿ ಹೇಳುತ್ತಿದ್ದ 1926ರ ಕರಡಿಮರಿಯ ಕತೆಯಲ್ಲಿ ಈಯೋರ್ ಎಂಬ ಕತ್ತೆ ಇದೆ. ಆರು ತಿಂಗಳು ಅದನ್ನು ಕಂಚಿನ ಕಂಠದಲ್ಲಿ "ಈಯೋರ್ರ್" ಎಂದು ಓದಿದೆ. ಒಂದು ದಿನ ಅವಳೇ ತಿದ್ದಿದಳು: "ಅಪ್ಪ, ಅದು ಕತ್ತೆ ಕೂಗುವ ಸದ್ದು. ಈ-ಆ, ಈ-ಆ." ರಕಾರ ತೆಗೆದು ನೋಡಿದೆ. ಕತ್ತೆ ಕೂಗಿತು.

ಅದಕ್ಕಿಂತ ನಾಚಿಕೆಯ ಸಂಗತಿ ನಮ್ಮ ವಿಭಾಗದ ಕೊರಿಯನ್ ಎಂಜಿನಿಯರರದ್ದು. ಅವರ ಮನೆತನದ ಹೆಸರನ್ನು ಪಾರ್ಕ್ ಎಂದು ಬರೆಯುತ್ತಾರೆ. ಕೊರಿಯನ್ ಭಾಷೆಯಲ್ಲಿ ಆ ಹೆಸರಿಗೆ ರಕಾರದ ಸೋಂಕೇ ಇಲ್ಲ. ಬಾಯಗಲಿಸಿ 'ಆ' ಎನ್ನಿ ಎಂದು ಸೂಚಿಸುವುದಕ್ಕೆ ಇಂಗ್ಲಿಷಿನಲ್ಲಿ ಅದನ್ನು ನಿಲ್ಲಿಸಿದ್ದಾರೆ, ಅಷ್ಟೆ. ನಾನು ಎರಡು ವರ್ಷ ಅವರನ್ನು ಉದ್ಯಾನವನ ಮಾಡಿ ಕರೆದೆ. ನಮ್ಮ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುವ ಮ್ಯಾನ್ಮಾರ್‌ನ ಬಾಲದಲ್ಲಿರುವ ರಕಾರವೂ ಇಂಥದ್ದೇ. ಆ ದೇಶದವರು ಅದನ್ನು ಉಚ್ಚರಿಸುವುದಿಲ್ಲ, ಇಂಗ್ಲಿಷರೂ ಉಚ್ಚರಿಸುವುದಿಲ್ಲ. ನಾವು ಮಾತ್ರ ಒಂದು ದಿನವೂ ಬಿಟ್ಟಿಲ್ಲ.

ಹಾಗೆಂದು ಉಳಿಸಿದ ರಕಾರವನ್ನೆಲ್ಲ ಇಂಗ್ಲಿಷರು ಬ್ಯಾಂಕಿನಲ್ಲಿ ಇಡುತ್ತಾರೆ ಎಂದುಕೊಳ್ಳಬೇಡಿ. ಇಲ್ಲದ ಕಡೆ ಖರ್ಚು ಮಾಡುತ್ತಾರೆ. ಕಾನೂನು ಮತ್ತು ಸುವ್ಯವಸ್ಥೆ ಎನ್ನುವ 'ಲಾ ಅಂಡ್ ಆರ್ಡರ್' ಅವರ ಬಾಯಲ್ಲಿ, ನಡುವೆ ಒಂದು ರಕಾರ ಹುಟ್ಟಿ, 'ಲಾರಾ ನಾರ್ಡರ್' ಎಂಬ ಹೆಂಗಸಾಗುತ್ತದೆ. ಈ ಲಾರಾ ಯಾರು ಎಂದು ಕೇಳುವುದು ಅಲ್ಲಿ ಬಹಳ ಹಳೆಯ ತಮಾಷೆ. ಚುನಾವಣೆಯ ಕಾಲದಲ್ಲಿ ಟೀವಿಯ ಮುಂದೆ ಕುಳಿತು ನಾನು ನಿಜವಾಗಿಯೇ ಕೇಳಿದೆ. ಮತ್ತೆ ನಕ್ಕರು. ಕೀರ್ತಿ ಇನ್ನಷ್ಟು ಬೆಳೆಯಿತು.

ಆರು ವರ್ಷದ ಮೇಲೆ ನ್ಯೂಜೆರ್ಸಿಗೆ ವರ್ಗವಾಯಿತು. ಜೋಕುಗಳನ್ನೆಲ್ಲ ಕಟ್ಟಿಕೊಂಡು ಹೊರಟೆ.

ಮೊದಲ ಪೆಟ್ಟು ಹೆದ್ದಾರಿಯಲ್ಲಿ. "ಈಸಿ ಪಾಸ್ ತೆಗೆದುಕೊಳ್ಳಿ, ಟೋಲ್ ಕಟ್ಟಲು ನಿಲ್ಲಬೇಕಾಗಿಲ್ಲ" ಎಂದು ಗೆಳೆಯ ಹೇಳಿದ್ದ. ಆ ಹೆಸರಿನ ಫಲಕವನ್ನು ಊರೆಲ್ಲ ಹುಡುಕಿದೆ. ಎಲ್ಲಿ ನೋಡಿದರೂ ಇದ್ದದ್ದು 'ಇ-ಝಡ್ ಪಾಸ್'. ಅದು ಯಾರೋ ದೊಡ್ಡ ಮನುಷ್ಯರಿಗೆ ಮೀಸಲಾದ ಸಾಲು ಎಂದು ತೀರ್ಮಾನಿಸಿ, ಮೂರು ವಾರ ಚಿಲ್ಲರೆ ಎಣಿಸುತ್ತಾ ನಗದಿನ ಸಾಲಿನಲ್ಲಿ ನಿಂತೆ. ಇಂಗ್ಲಿಷರಂತೆ ನಾವೂ ಕೊನೆಯ ಅಕ್ಷರವನ್ನು ಝಡ್ ಎನ್ನುತ್ತೇವೆ. ಅಮೆರಿಕದಲ್ಲಿ ಅದು ಝೀ. ಇ-ಝೀ, ಈಸಿ! ಆಮೇಲೆ ಗಮನಿಸಿದರೆ, ಒಂದು ಪೀಠೋಪಕರಣ ಅಂಗಡಿಯಲ್ಲಿ ನಾನು ಫ್ರೆಂಚ್ ಹೆಸರೆಂದು ಗೌರವದಿಂದ ನೋಡುತ್ತಿದ್ದ 'ಲಾ-ಝಡ್-ಬಾಯ್' ಕುರ್ಚಿಯೂ ಅಪ್ಪಟ ಸೋಮಾರಿ ಹುಡುಗನೇ ಆಗಿತ್ತು.

ಎರಡನೆಯ ಪೆಟ್ಟು ಜಿಂಕೆಯಿಂದಲೇ ಬಿತ್ತು. ಅಮೆರಿಕದಲ್ಲೂ ಈ ಜಿಂಕೆಯ ಪರಿಚಯ ಕೆಲವರಿಗೆ ಇದೆ, ಆದರೆ ಅಲ್ಲಿ ಅದಕ್ಕೆ ರಕಾರದ ಬಾಲ ಇರುವುದರಿಂದ ಐಡಿಯಾದ ಬಿಲದೊಳಗೆ ಸಲೀಸಾಗಿ ನುಗ್ಗುವುದಿಲ್ಲ. "ಇಲ್ಲಿ ರಕಾರ ನುಂಗಿದರೆ ಯಾರಿಗೂ ಅರ್ಥವಾಗುವುದಿಲ್ಲ" ಎಂದು ಗೆಳೆಯ ಬೇರೆ ಎಚ್ಚರಿಸಿದ್ದ. ಹಾಗಾಗಿ ಕಚೇರಿಯ ಕಾಫಿ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಪ್ರಶ್ನೆ ಹಾಕಿ, ಒಂದು ಕ್ಷಣ ತಡೆದು, ಮೇಷ್ಟ್ರನ್ನು ನೆನೆದು, ಬಾಗಿಲ ಕಡೆ ಕೈ ಬೀಸಿ, ಸ್ಪಷ್ಟವಾದ ಕನ್ನಡ ರಕಾರದೊಂದಿಗೆ ಘೋಷಿಸಿದೆ: "ನೋ ಐ, ಡಿಯರ್!"

ಅದೇ ಹೊತ್ತಿಗೆ ಬಾಗಿಲಲ್ಲಿ ಮೇಲಧಿಕಾರಿ ಕಾಣಿಸಿಕೊಂಡರು. ಜಿಂಕೆಯ ಪೂರ್ವಕತೆ ಅವರಿಗೆ ಗೊತ್ತಿಲ್ಲ. ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ದಯವಿಟ್ಟು ನನ್ನನ್ನು ಡಿಯರ್ ಎಂದು ಕರೆಯಬೇಡಿ."

ನಾಲ್ವರಲ್ಲಿ ಒಬ್ಬರೂ ನಗಲಿಲ್ಲ. ಕಾಡುಪ್ರಾಣಿಯ ಬಗ್ಗೆ ಹೇಳುತ್ತಿದ್ದೆ ಎಂದು ವಿವರಿಸಲು ಹೋದದ್ದು ಇನ್ನೊಂದು ತಪ್ಪು.

ಅಲ್ಲಿಂದ ಮುಂದೆ ಬಾಯಿ ಮುಚ್ಚಿ ಕಿವಿ ತೆರೆದಿಟ್ಟುಕೊಳ್ಳೋಣ ಎಂದುಕೊಂಡೆ. ಕಿವಿಯೂ ಕೈಕೊಟ್ಟಿತು. ಅಮೆರಿಕನ್ನರು ನಡುವಿನ ಟಕಾರವನ್ನು ಮೆತ್ತಗೆ ಮಾಡಿ ಹೆಚ್ಚುಕಡಿಮೆ ಡಕಾರ ಮಾಡುತ್ತಾರೆ. ಕನ್ನಡ ಕೂಟದ ಸಮಾರಂಭದಲ್ಲಿ ಅಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ನನ್ನನ್ನು ಲೇಖಕ, ಅಂದರೆ ರೈಟರ್, ಎಂದು ಪರಿಚಯಿಸಿದ. ಕಿವಿಗೆ ಬಿದ್ದದ್ದು ರೈಡರ್. ಊರಿನಿಂದ ಬಂದಿದ್ದ ನಮ್ಮ ತಾಯಿ ಪಕ್ಕದವರಿಗೆ, "ಇವನಿಗೆ ಸೈಕಲ್ಲೇ ನೆಟ್ಟಗೆ ಬರುವುದಿಲ್ಲ" ಎಂದರು.

ಆದರೆ ನಿಜವಾದ ಅನಾಹುತ ಆದದ್ದು ಪಕ್ಕದ ಮನೆಯಾಕೆಯ ಜೊತೆ. ಒಂದು ಶನಿವಾರ ಬೇಲಿಯ ಹತ್ತಿರ ನಿಂತು ನಿಟ್ಟುಸಿರು ಬಿಟ್ಟರು. "ನನ್ನ ಆ್ಯಂಟ್ ಅಡುಗೆಮನೆಯನ್ನು ಪೂರ್ತಿ ಆಕ್ರಮಿಸಿಬಿಟ್ಟಿದ್ದಾಳೆ."

ಆ್ಯಂಟ್ ಎಂದರೆ ಇರುವೆ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಹಡಗನ್ನೂ ಕಾರನ್ನೂ 'ಅವಳು' ಎನ್ನುವ ಭಾಷೆಯಲ್ಲಿ ಇರುವೆಯೂ ಅವಳಾದರೆ ಏನಾಶ್ಚರ್ಯ. "ಎಷ್ಟು ದಿನವಾಯಿತು?" ಎಂದೆ.

"ಎರಡು ವಾರ. ಹೋಗುವ ಸೂಚನೆಯೇ ಇಲ್ಲ."

"ಮೊದಲು ಸಕ್ಕರೆ ಡಬ್ಬಿ ಬಚ್ಚಿಡಿ."

"ಅದನ್ನು ಮಾಡಿದ್ದೇವೆ. ಡಾಕ್ಟರೂ ಹಾಗೇ ಹೇಳಿದ್ದಾರೆ."

ಇರುವೆಗೆ ಡಾಕ್ಟರ ಸಲಹೆ ಏಕೆ ಎಂದು ಅನಿಸಿತು. ಶ್ರೀಮಂತ ದೇಶ, ಇರಬಹುದು. "ನಮ್ಮಲ್ಲಿ ಹೊಸ್ತಿಲಿಗೆ ಅಡ್ಡಲಾಗಿ ಅರಿಶಿನದ ಪುಡಿಯ ಗೆರೆ ಎಳೆಯುತ್ತೇವೆ. ಅದನ್ನು ದಾಟಿ ಒಳಗೆ ಬರುವುದಿಲ್ಲ" ಎಂದೆ. ಆಕೆ ಆಸಕ್ತಿಯಿಂದ, "ಇದು ನಿಮ್ಮ ಧಾರ್ಮಿಕ ಪದ್ಧತಿಯೇ?" ಎಂದು ಕೇಳಿದರು. "ಧರ್ಮವೇನೂ ಅಲ್ಲ, ಅನುಭವ. ಅದಕ್ಕೂ ಬಗ್ಗದಿದ್ದರೆ ಕುದಿಯುವ ನೀರು ಹುಯ್ಯಿರಿ" ಎಂದೆ.

ಆಕೆ ನಿಧಾನವಾಗಿ ಬೇಲಿಯಿಂದ ಹಿಂದಕ್ಕೆ ಸರಿದರು. ಆಗ ಅಡುಗೆಮನೆಯ ಕಿಟಕಿಯಲ್ಲಿ ಸುಮಾರು ಎಪ್ಪತ್ತು ವರ್ಷದ, ಏಪ್ರನ್ ಕಟ್ಟಿಕೊಂಡ, ಸಾಕಷ್ಟು ದೊಡ್ಡ ಗಾತ್ರದ ಇರುವೆಯೊಂದು ನನ್ನತ್ತ ಕೈಬೀಸಿ ನಕ್ಕಿತು.

ಚಿಕ್ಕಮ್ಮನೂ ಇರುವೆಯೂ ಬಹುಪಾಲು ಅಮೆರಿಕನ್ನರಿಗೆ ಒಂದೇ ಸದ್ದು. ಬ್ರಿಟಿಷರಿಗೆ ಚಿಕ್ಕಮ್ಮ 'ಆಂಟ್', ನಾವು ಕಂಡಕಂಡವರನ್ನೆಲ್ಲ ಆಂಟಿ ಎನ್ನುವಾಗ ತೆಗೆಯುವ ಅದೇ 'ಆ'. 'ಅಲ್ಲ' ಎನ್ನುವ 'ಆರ್ನ್ಟ್' ಕೂಡ, ರಕಾರ ಬಿದ್ದುಹೋಗಿ, ಅವರಿಗೆ ಆಂಟ್. 1974ರಲ್ಲಿ ಬಂದ, ಇಂಗ್ಲಿಷ್ ಹಾಸ್ಯಲೇಖಕ ವುಡ್‌ಹೌಸ್ ಜೀವ್ಸ್ ಎಂಬ ಸೇವಕನ ಮೇಲೆ ಬರೆದ ಕೊನೆಯ ಕಾದಂಬರಿಯ ಹೆಸರು 'ಆಂಟ್ಸ್ ಆರ್ನ್ಟ್ ಜಂಟಲ್‌ಮೆನ್'. ಇಂಗ್ಲಿಷರ ಕಿವಿಗೆ ಅದು ಗಂಟೆ ಬಾರಿಸಿದಂತೆ 'ಆಂಟ್ಸ್ ಆಂಟ್'. ಅಮೆರಿಕದಲ್ಲಿ ಅದೇ ಪುಸ್ತಕ 'ದಿ ಕ್ಯಾಟ್-ನ್ಯಾಪರ್ಸ್' ಎಂಬ ಹೆಸರಿನಲ್ಲಿ ಹೊರಬಂತು. ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನಾನು ಅದನ್ನು ಕೀಟಶಾಸ್ತ್ರದ ಪುಸ್ತಕವೆಂದು ಪಕ್ಕದ ಮನೆಯಾಕೆಗೆ ಉಡುಗೊರೆ ಕೊಡುತ್ತಿದ್ದೆ.

ನಮ್ಮ ಇಂಗ್ಲಿಷು ಯಾವ ಕಡೆಯದು ಎಂದು ಲೆಕ್ಕ ಹಾಕಿದ್ದೇನೆ. ಕಾಲೇಜು, ಬಾಟಲಿ, ಡಾಕ್ಟರ್: ಇವುಗಳ 'ಆ' ಅಮೆರಿಕದವರ ಬಾಯಿಗೆ ಹತ್ತಿರ. ಕ್ಲಾಸು, ಪಾಸು, ಗ್ಲಾಸು: ಇವುಗಳ 'ಆ' ಲಂಡನ್ನಿನದು. ರಕಾರ ನಮ್ಮ ಮೇಷ್ಟ್ರದ್ದು. ಹೀಗಾಗಿ ಎರಡೂ ದಡದ ಶ್ಲೇಷೆಗಳು ನಮ್ಮ ಬಾಯಲ್ಲಿ ಸಮಾನವಾಗಿ ಸಾಯುತ್ತವೆ.

ನಮ್ಮ ಮಾವನವರದ್ದು ಇದಕ್ಕೆ ಹೊರತು. ಅವರು ಮದ್ದೂರು ಕಡೆಯವರು, ಒಂದು ದಿನವೂ ಬಾಯಲ್ಲಿ ಹಕಾರ ಇಟ್ಟುಕೊಂಡವರಲ್ಲ. ಅಕ್ಕಿಯೂ ಹಕ್ಕಿಯೂ ಅವರ ಮನೆಯಲ್ಲಿ ಒಂದೇ. ನಾನು ಶಿವಮೊಗ್ಗದವನು. ನಾದಿನಿಯ ನಿಶ್ಚಿತಾರ್ಥಕ್ಕೆ ರಜೆ ಹಾಕಿ ಹೋಗಿದ್ದಾಗ ಅವರು ಫೋನಿನಲ್ಲಿ ಸಾಮಾನಿನ ಪಟ್ಟಿ ಹೇಳಿದರು, ನಾನು ಬರೆದುಕೊಂಡೆ: ವೀಳ್ಯದೆಲೆ ಕಟ್ಟು, ತೆಂಗಿನಕಾಯಿ, ಕಲ್ಲುಸಕ್ಕರೆ ಪೊಟ್ಟಣ, ಬಾಳೆಗೊನೆ. ಕೊನೆಗೆ, "ಆರ ಆರು." ಎಲ್ಲವೂ ಆರಾರು ಎಂದು ಅರ್ಥ ಮಾಡಿಕೊಂಡೆ. ಮುಹೂರ್ತದ ಹೊತ್ತಿಗೆ ಮನೆಯಲ್ಲಿ ಆರು ಬಾಳೆಗೊನೆಗಳು ಸಾಲಾಗಿ ನಿಂತಿದ್ದವು; ಹಾರ ಒಂದೂ ಇರಲಿಲ್ಲ.

ಹಾಗಾಗಿ ಕಳೆದ ಭಾನುವಾರ ಅವರಿಗೆ ಫೋನಿನಲ್ಲಿ ಬಿಬಿಸಿಯ 'ದಿ ಟೂ ರಾನೀಸ್' ಕಾರ್ಯಕ್ರಮದ 1976ರ ಒಂದು ಪ್ರಹಸನವನ್ನು ವಿವರಿಸಿದೆ. ರಾನಿ ಬಾರ್ಕರ್ ಗಿರಾಕಿ, ರಾನಿ ಕಾರ್ಬೆಟ್ ಅಂಗಡಿಯವನು. ತೋಟದ ಮಣ್ಣು ಕೆದಕುವ ಹಲ್ಲುಗಳಿರುವ ಸಲಕರಣೆಗೂ ಅಲ್ಲಿ ಫೋರ್ಕ್ ಎನ್ನುತ್ತಾರೆ. ಗಿರಾಕಿಗೆ ಬೇಕಾದದ್ದು ಅದರ ಹಿಡಿ, ಅಂದರೆ ಹ್ಯಾಂಡಲ್. ಅವನೂ ಮದ್ದೂರಿನವನಂತೆ ಹಕಾರ ಬಿಟ್ಟು 'ಆ್ಯಂಡಲ್ಸ್' ಎನ್ನುವವನು. ಅಂಗಡಿಯವನಿಗೆ ಅದು 'ಫೋರ್ ಕ್ಯಾಂಡಲ್ಸ್' ಎಂದು ಕೇಳಿಸಿ ನಾಲ್ಕು ಮೇಣದಬತ್ತಿ ತಂದಿಡುತ್ತಾನೆ.

ಆ ಕಡೆಯಿಂದ ನಗು ಬರಲಿಲ್ಲ. ಮಾವನವರಿಗೆ ಗಿರಾಕಿಯ ಮೇಲೆ ಕನಿಕರ ಹುಟ್ಟಿತ್ತು. "ಕೊನೆಗಾದರೂ ಅವನಿಗೆ ಸಿಕ್ಕಿತೇ, ಅಳಿಯಂದಿರೇ?"

"ಏನು ಮಾವ?"

"ಇಡಿ."

ಹಿರಿಯರು ಹೇಳಿದ ಮೇಲೆ ಎದುರಾಡುವುದುಂಟೇ. ಫೋನ್ ಇಟ್ಟುಬಿಟ್ಟೆ.