ಯಜಮಾನರು ನಾಲ್ಕು ಸಲ ಕೈಮುಗಿದರಂತೆ

ಪರದೆಗೆ ಲಕ್ಷಗಟ್ಟಲೆ ಸುರಿಯುವವರು ಕೇಬಲ್ಲಿಗೆ ಮಾತ್ರ ಕೈ ಬಿಗಿಹಿಡಿಯುತ್ತಾರೆ ಎಂಬುದು ನನಗೆ ಹೊಸ ವಿಷಯವಲ್ಲ. ಆದರೆ ಆ ಕೇಬಲ್ಲನ್ನು ಕೊಟೇಶನ್ನಿನಿಂದ ತಮ್ಮ ಕೈಯಾರೆ ಹೊಡೆದುಹಾಕಿದ ಮ್ಯಾನೇಜರೇ ನಿನ್ನೆ ಅರಮನೆ ಮೈದಾನದಲ್ಲಿ ಸಭಿಕರೆಲ್ಲರ ಎದುರು ನನ್ನತ್ತ ಬೆರಳು ತೋರಿಸಿದ್ದನ್ನು ಇನ್ನೂ ಅರಗಿಸಿಕೊಳ್ಳಲಾಗುತ್ತಿಲ್ಲ.

ನಾಲ್ಕು ಪರದೆಗಳಲ್ಲಿ ಒಟ್ಟಿಗೆ ಓಡಬೇಕಿದ್ದ ಕಿರುಚಿತ್ರದ ಕೊನೆಯಲ್ಲಿ ಯಜಮಾನರು ಎದ್ದು ನಿಂತು ನಮಸ್ಕರಿಸುತ್ತಾರೆ. ವೇದಿಕೆಯ ಹಿಂದಿನ ಪರದೆಯಲ್ಲಿ ಅವರು ಕೈಮುಗಿದಾಗ ಎಡಗಡೆಯ ಪರದೆಯಲ್ಲಿ ಕೈಗಳು ಆಗಷ್ಟೇ ಮೇಲೇಳುತ್ತಿದ್ದವು. ಬಲಗಡೆ ಅವರು, ಸ್ಪೀಕರುಗಳು ಸುಮ್ಮನಾದ ಮೇಲೂ, ಬಾಯಾಡಿಸುತ್ತಲೇ ಇದ್ದರು. ಊಟದ ಕಡೆಯ ಪರದೆಯಲ್ಲಂತೂ ಇನ್ನೂ ಕುರ್ಚಿಯಿಂದಲೇ ಎದ್ದಿರಲಿಲ್ಲ. ಹಿಂದಿನ ಸಾಲಿನಲ್ಲಿ ಶುರುವಾದ ನಗು ಮುಂದಿನ ಸೋಫಾಗಳವರೆಗೂ ಬಂತು. ಆಗ ನಿರೂಪಕರು ಮೈಕಿನಲ್ಲಿ, "ಯಜಮಾನರು ನಾಲ್ಕು ನಾಲ್ಕು ಸಲ ಕೈಮುಗಿದಿದ್ದಾರೆ, ನಮ್ಮ ಆಪರೇಟರ್ ಸಾಹೇಬರಿಗೆ ನಾವೂ ಒಂದು ಸಲ ಕೈಮುಗಿಯೋಣವೇ?" ಎಂದರು. ಜನ ನಿಜಕ್ಕೂ ಹಿಂತಿರುಗಿ ಕೈಮುಗಿದರು. ನಾನೂ ಮುಗಿದೆ, ಬೇರೇನು ಮಾಡಲಿ? ಆ ಸಂಜೆ ಎಲ್ಲರದೂ ಒಂದೇ ಕ್ಷಣಕ್ಕೆ ಕೂಡಿಬಂದ ನಮಸ್ಕಾರ ಅದೊಂದೇ.

"ಒಂದೇ ಫೈಲ್ ಅಲ್ವೇನ್ರೀ, ಹೇಗ್ರೀ ಹಿಂದೆಮುಂದೆ ಆಗತ್ತೆ?" ಎಂದು ಮ್ಯಾನೇಜರ್ ಗದರಿದರು. ಫೈಲ್ ಒಂದೇ ಸ್ವಾಮಿ, ಗಡಿಯಾರ ನಾಲ್ಕು. ಪೆನ್‌ಡ್ರೈವ್ ಸಿಕ್ಕಿಸಿದ ಪ್ರತಿಯೊಂದು ಪ್ಲೇಯರೂ ತನ್ನೊಳಗಿನ, ಹೊತ್ತು ಅಳೆಯುವ ಸ್ಫಟಿಕದ ಲೆಕ್ಕದಲ್ಲಿಯೇ ಓಡುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್ ಇರುವುದೇ 40 ಮಿಲಿಸೆಕೆಂಡ್, ಅಂದರೆ ನಾಲ್ಕೂವರೆ ಫ್ರೇಮ್ ಹೋಯಿತು. ಅದು ಸಣ್ಣದು. ನಾಲ್ಕು ಹುಡುಗರು "ಒಂದು, ಎರಡು, ಮೂರು" ಎಂದು ನಾಲ್ಕು ರಿಮೋಟ್ ಒತ್ತಿದ್ದು, ಸಂಜೆಯಿಂದ ಸುತ್ತು ಹೊಡೆಯುತ್ತಿದ್ದ ಚಿತ್ರವನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳಲು ಒಂದೊಂದು ಪ್ಲೇಯರ್ ಒಂದೊಂದು ಹೊತ್ತು ತೆಗೆದುಕೊಂಡದ್ದು, ಇವೆಲ್ಲ ಅದರ ಮೇಲಿನ ಬಡ್ಡಿ.

ಒಂದೇ ಪ್ಲೇಯರಿನಿಂದ ಸಿಗ್ನಲ್ ಹಂಚಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಅಷ್ಟು ದೂರಕ್ಕೆ ಮಾಮೂಲಿ ಎಚ್‌ಡಿಎಂಐ ಕೇಬಲ್ಲನ್ನು ನಂಬುವಂತಿಲ್ಲ, ಫೈಬರ್, ಅಂದರೆ ಸಿಗ್ನಲ್ಲನ್ನು ಬೆಳಕಾಗಿ ಒಯ್ಯುವ ಕೇಬಲ್, ಎಳೆಯಬೇಕು ಎಂದು ಬರೆದೇ ಕೊಟ್ಟಿದ್ದೆ. ಅವರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು "ಅನಗತ್ಯ" ಎಂದು ಬರೆದರು. ಹೋಗಲಿ, ದುಡ್ಡು ಅವರದು, ಹಬ್ಬ ಅವರದು, ನನಗೇಕೆ ಎಂದುಕೊಂಡೆ. ಇಲ್ಲ, ಹಾಗೆ ಬಿಡಲಾಗುವುದಿಲ್ಲ. ಹೂವಿನ ಅಲಂಕಾರದಲ್ಲಿ ಒಂದೇ ಒಂದು ಮಾಲೆಯನ್ನೂ ಕಡಿಮೆ ಮಾಡದವರಿಗೆ ಫೈಬರ್ ಮಾತ್ರ ಅನಗತ್ಯವೆಂದು ಕಂಡದ್ದು ಹೇಗೆ? ಈ ವೃತ್ತಿಯಲ್ಲಿರುವ ಯಾರಾದರೂ ಸರಿ, ದಯವಿಟ್ಟು ಉತ್ತರಿಸಿ.

ಇಂದು ಬೆಳಿಗ್ಗೆ ಅವರಿಂದಲೇ ಸಂದೇಶ ಬಂದಿದೆ. "ನಿನ್ನೆಯ ಅವಾಂತರಕ್ಕಾಗಿ" ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರಂತೆ. ಮುಂದಿನ ತಿಂಗಳು ಇನ್ನೊಂದು ಸಮಾರಂಭವಿದೆ, ಆರು ಪರದೆ, ಸಿಂಕ್ (ಎಲ್ಲದರಲ್ಲೂ ಒಂದೇ ಕ್ಷಣಕ್ಕೆ ಒಂದೇ ದೃಶ್ಯ) ಕಡ್ಡಾಯ, ದರ ಹಳೆಯದೇ. ಇವರ ಸಹವಾಸವೇ ಬೇಡವೆಂದು ಮನೆಯವಳಿಗೆ ಹೇಳಿದ ಮೇಲೆ ಕೊಟೇಶನ್ ಕಳಿಸಿದೆ. ಫೈಬರನ್ನು ಮೊದಲ ಸಾಲಿನಲ್ಲೇ ಹಾಕಿದ್ದೇನೆ, ಅದನ್ನೂ ಹೊಡೆದುಹಾಕುತ್ತಾರೆ.